ಕೋನಿ ಐಲ್ಯಾಂಡಿನ ಹೊಸವರ್ಷದ ತಣ್ಣೀರ ಮುಳುಗು: ಪ್ರವೇಶ ಉಚಿತ, ತಯಾರಿ ಪೂರ್ತಿ ನಿಮ್ಮದೇ

ಪ್ರತಿ ಜನವರಿ 1ರ ಮಧ್ಯಾಹ್ನದ ಹೊತ್ತಿಗೆ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ದಕ್ಷಿಣದ ಅಂಚಿನಲ್ಲಿ ಸಾವಿರಾರು ಜನ ಈಜುಡುಗೆ ತೊಟ್ಟು ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತಾರೆ. ಇದನ್ನು ನಡೆಸುವುದು ಕೋನಿ ಐಲ್ಯಾಂಡ್ ಪೋಲಾರ್ ಬೇರ್ ಕ್ಲಬ್. ಪತ್ರಿಕಾ ಪ್ರಕಾಶಕನೂ ದೇಹದಾರ್ಢ್ಯದ ಪ್ರಚಾರಕನೂ ಆಗಿದ್ದ ಬರ್ನಾರ್ ಮ್ಯಾಕ್‌ಫ್ಯಾಡನ್ 1903ರಲ್ಲಿ ಕಟ್ಟಿದ ಈ ಕ್ಲಬ್ಬು ಅಮೆರಿಕದ ಚಳಿಗಾಲದ ಈಜು ಕ್ಲಬ್ಬುಗಳಲ್ಲೇ ಹಳೆಯದೆಂದು ಹೆಸರಾಗಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಪ್ರತಿ ಭಾನುವಾರ ಇದರ ಸದಸ್ಯರು ಇದೇ ನೀರಿಗಿಳಿಯುತ್ತಾರೆ. ಹೊಸವರ್ಷದ ದಿನ ಮಾತ್ರ ಊರಿಗೆಲ್ಲ ಬಾಗಿಲು ತೆರೆದಿರುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಮೆರಿಕದಲ್ಲಿ ಸಹಾಯಾರ್ಥವಾಗಿ ನಡೆಯುವ ತಣ್ಣೀರ ಮುಳುಗುಗಳಲ್ಲಿ ಹೊಸಬರು ಮೊದಲ ಸಲ ಹೋಗಲು ಇದಕ್ಕಿಂತ ಸಲೀಸಾದದ್ದು ಕಡಿಮೆ. ಮೆಟ್ರೊ ರೈಲು ಕಡಲಿನ ಬಾಗಿಲಿಗೇ ತಂದು ಬಿಡುತ್ತದೆ, ನೆಲ ಮರಳಿನದು, ಇಳಿಜಾರು ನಿಧಾನದ್ದು, ಶುಲ್ಕವಿಲ್ಲ. ಕೊರತೆ ಇರುವುದು ನೀರಿನಿಂದ ಹೊರಬಂದ ಮೇಲಿನ ಹದಿನೈದು ನಿಮಿಷಗಳಲ್ಲಿ. ಬೆಚ್ಚಗಿನ ಕೋಣೆ, ಬಿಸಿ ಕುಡಿಯುವುದು, ಚೀಲ ಕಾಯುವ ವ್ಯವಸ್ಥೆ ಇವನ್ನೆಲ್ಲ ನೀವೇ ಮಾಡಿಕೊಂಡು ಹೋದರೆ ದಿನ ಸುಂದರವಾಗಿ ಕಳೆಯುತ್ತದೆ. ಅಲ್ಲಿ ಸಿಕ್ಕೀತು ಎಂದುಕೊಂಡು ಬರಿಗೈಲಿ ಹೋದರೆ ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಲ್ಲಬೇಕಾಗುತ್ತದೆ.

ದುಡ್ಡಿನ ವಿಷಯ ಮೊದಲು, ಏಕೆಂದರೆ ಕಾರ್ಯಕ್ರಮ ಇರುವುದೇ ಅದಕ್ಕಾಗಿ. ಬೌದ್ಧಿಕ ಅಂಗವೈಕಲ್ಯವಿರುವವರಿಗೆ ಆಟೋಟ ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆಗಾಗಿ ನಡೆಯುವ ಮುಳುಗುಗಳಲ್ಲಿ (ಷಿಕಾಗೋದ ನಾರ್ತ್ ಅವೆನ್ಯೂ ಬೀಚಿನಲ್ಲಿ 2001ರಿಂದ ನಡೆದು ಬಂದಿರುವುದು ಅವುಗಳಲ್ಲೊಂದು) ಇಷ್ಟು ಡಾಲರ್ ಕೂಡಿಸಿ ತಂದರೆ ಮಾತ್ರ ನೀರಿಗೆ ಬಿಡುತ್ತೇವೆ ಎಂಬ ಕನಿಷ್ಠ ಮೊತ್ತವಿರುತ್ತದೆ. ಕೋನಿ ಐಲ್ಯಾಂಡಿನಲ್ಲಿ ಆ ಕಟ್ಟುಪಾಡಿಲ್ಲ. ಹೆಸರು ನೋಂದಾಯಿಸುವುದು ಉಚಿತ, ಕೊಡುಗೆ ನಿಮ್ಮ ಇಷ್ಟ. ಹಿಂದೆ ಬಹಳ ವರ್ಷ ಇಲ್ಲಿಯ ಹಣ ಮೇನ್ ರಾಜ್ಯದ ಕ್ಯಾಂಪ್ ಸನ್‌ಶೈನ್‌ಗೆ ಹೋಗುತ್ತಿತ್ತು. ಪ್ರಾಣಾಂತಿಕ ಕಾಯಿಲೆಯಿರುವ ಮಕ್ಕಳನ್ನು ಅಪ್ಪ ಅಮ್ಮ ಒಡಹುಟ್ಟಿದವರ ಸಮೇತ ಕರೆಸಿ ಕೆಲವು ದಿನ ನೆಮ್ಮದಿಯಾಗಿ ಇರಿಸಿಕೊಳ್ಳುವ ಶಿಬಿರ ಅದು. ಈಚೆಗೆ ಹಣ ಆ ಕಡಲತೀರದ ಸುತ್ತಮುತ್ತಲಿನ ಸಂಸ್ಥೆಗಳಿಗೇ ಹಂಚಿಕೆಯಾಗುತ್ತದೆ. ನ್ಯೂಯಾರ್ಕ್ ಅಕ್ವೇರಿಯಂ, ಮರ್ಮೇಡ್ ಪರೇಡ್ ಎಂಬ ವೇಷಗಳ ಮೆರವಣಿಗೆ ನಡೆಸುವ ಕೋನಿ ಐಲ್ಯಾಂಡ್ ಯುಎಸ್‌ಎ ಇವೆಲ್ಲ ಆ ಸಾಲಿನಲ್ಲಿವೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತದ ನೀರು ನುಗ್ಗಿ ಈ ಬೀದಿಗಳೆಲ್ಲ ಮುಳುಗಿದ್ದವು. ಅಕ್ವೇರಿಯಂ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಅದನ್ನು ನೆನೆದರೆ, ಯಾವ ತೀರದಲ್ಲಿ ಮುಳುಗುತ್ತೀರೋ ಆ ತೀರಕ್ಕೇ ಹಣ ಹೋಗುವುದು ಸರಿಯೆನಿಸುತ್ತದೆ.

ಉಚಿತ ಎನ್ನುವುದರಲ್ಲಿ ಒಂದು ತೊಡಕೂ ಇದೆ. ಕೇಳುವವರಿಲ್ಲದಿದ್ದರೆ ಕೊಡುವುದನ್ನು ಮರೆತೇಬಿಡುತ್ತೇವೆ. ಚಳಿಯಲ್ಲಿ ನಡುಗುತ್ತಾ ಮನೆ ಸೇರಿದ ಮೇಲೆ ಯಾರೂ ಲ್ಯಾಪ್‌ಟಾಪ್ ತೆಗೆದು ಕಾರ್ಡ್ ನಂಬರ್ ಒತ್ತುವುದಿಲ್ಲ. ಆದ್ದರಿಂದ ಹೆಸರು ನೋಂದಾಯಿಸುವ ಹೊತ್ತಿಗೇ ಒಂದು ಮೊತ್ತ ಗೊತ್ತು ಮಾಡಿಕೊಂಡು ಕೊಟ್ಟುಬಿಡಿ. ತಲೆಗೆ 50 ಡಾಲರ್ ಎಂದು ನೀವೇ ಒಂದು ಗೆರೆ ಹಾಕಿಕೊಂಡರೂ ಸಾಕು. ನಾಲ್ಕು ಗೆಳೆಯರಿಂದ ಕೂಡಿಸುವುದಾದರೆ ಡಿಸೆಂಬರ್ ಎರಡನೇ ವಾರದೊಳಗೆ ಕೇಳಿ. ಕ್ರಿಸ್‌ಮಸ್ ರಜೆ ಶುರುವಾದ ಮೇಲೆ ಉತ್ತರ ಬರುವುದಿಲ್ಲ. ತೆರಿಗೆ ವಿನಾಯಿತಿ ಪಡೆಯುವವರು ತಾರೀಖಿನ ಮೇಲೆ ಕಣ್ಣಿಡಬೇಕು: ಡಿಸೆಂಬರ್ 31ರೊಳಗೆ ಕೊಟ್ಟದ್ದು ಹಳೆಯ ವರ್ಷದ ಲೆಕ್ಕಕ್ಕೆ, ಜನವರಿ 1ರಂದು ಕೊಟ್ಟದ್ದು ಹೊಸ ವರ್ಷದ ಲೆಕ್ಕಕ್ಕೆ. ಉದ್ಯೋಗಿ ಕೊಟ್ಟಷ್ಟನ್ನೇ ತಾನೂ ಸೇರಿಸಿ ಕೊಡುವ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಹಣ ಪಡೆಯುವ ಸಂಸ್ಥೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ, ಎಂದು ನೋಂದಣಿಯಾಗಿದೆಯೇ, ನಿಮ್ಮ ಕಂಪನಿಯ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ಮೊದಲೇ ನೋಡಿಕೊಂಡರೆ ಐವತ್ತು ನೂರಾಗುತ್ತದೆ.

ಇನ್ನು ನೀರು. ಜನವರಿ ಮೊದಲ ವಾರದಲ್ಲಿ ಇಲ್ಲಿಯ ಸಮುದ್ರ ಸಾಮಾನ್ಯವಾಗಿ 40ರಿಂದ 45 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4ರಿಂದ 7 ಡಿಗ್ರಿ ಸೆಲ್ಸಿಯಸ್. ಫ್ರಿಜ್ಜಿನೊಳಗಿನ ಚೊಂಬಿನ ನೀರೂ ಅದೂ ಒಂದೇ. ಹಿಂದಿನ ದಿನ ಅಮೆರಿಕ ಸರ್ಕಾರದ ಸಾಗರ ಮತ್ತು ಹವಾಮಾನ ಸಂಸ್ಥೆಯಾದ ನೋಆದ (NOAA) ಸ್ಯಾಂಡಿ ಹುಕ್ ಅಥವಾ ಬ್ಯಾಟರಿ ಮಾಪನ ಕೇಂದ್ರದ ಅಂಕಿ ನೋಡಿದರೆ ನಿಖರವಾಗಿ ತಿಳಿಯುತ್ತದೆ. "ಮಾಘಸ್ನಾನ ಮಾಡಿದವರು ನಾವು, ತಲಕಾವೇರಿಯಲ್ಲಿ ನಸುಕಿಗೆ ಮುಳುಗಿದವರು, ಇದೇನು ಮಹಾ" ಎಂದು ಹೊರಡುವವರಿಗೆ ಒಂದು ಮಾತು. ನಮ್ಮ ಬಯಲುಸೀಮೆಯ ಹೊಳೆಗಳ ನೀರು ಸಂಕ್ರಾಂತಿಯ ಹೊತ್ತಿಗೂ ಹೆಚ್ಚುಕಡಿಮೆ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ನೀರು 15 ಡಿಗ್ರಿಗಿಂತ ಕೆಳಗಿಳಿದರೆ ಮೈ ನಡೆದುಕೊಳ್ಳುವ ರೀತಿಯೇ ಬೇರೆ. ಹೊಳೆಸ್ನಾನದ ಅಭ್ಯಾಸ ಇಲ್ಲಿ ಧೈರ್ಯ ಕೊಟ್ಟೀತೇ ಹೊರತು ರಕ್ಷಣೆ ಕೊಡದು.

ಆ ಬೇರೆ ರೀತಿ ಏನೆಂದರೆ, ಚರ್ಮಕ್ಕೆ ಒಮ್ಮೆಲೇ ಥಂಡಿ ತಗುಲಿದ ಕೂಡಲೇ ಮನಸ್ಸಿನ ಮಾತು ಕೇಳದೆ ಎದೆ ಒಂದು ದೊಡ್ಡ ಉಸಿರನ್ನು ಎಳೆದುಕೊಳ್ಳುತ್ತದೆ. ಹಿಂದೆಯೇ ಮೇಲುಸಿರು ಶುರು. ನಾಡಿ ಏರುತ್ತದೆ, ಚರ್ಮದ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡವೂ ಏರುತ್ತದೆ. ಮೊದಲ ಅರ್ಧ ನಿಮಿಷ ಇದು ಉತ್ತುಂಗದಲ್ಲಿದ್ದು, ಎರಡು ಮೂರು ನಿಮಿಷದಲ್ಲಿ ತಗ್ಗುತ್ತದೆ. ತಲೆ ನೀರೊಳಗಿರುವಾಗ ಆ ಮೊದಲ ಉಸಿರು ಬಂದರೆ ಒಳಗೆ ಹೋಗುವುದು ಗಾಳಿಯಲ್ಲ, ಉಪ್ಪುನೀರು. ಓಡಿ ಬಂದು ತಲೆಮುಂದಾಗಿ ಧುಮುಕಬಾರದು ಎನ್ನುವುದು ಇದಕ್ಕೇ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಜನಪ್ರಿಯಗೊಳಿಸಿದ ಒಂದು ಸುಲಭ ಲೆಕ್ಕವಿದೆ, 1-10-1 ಎಂದು. ತೀರಾ ತಣ್ಣನೆಯ ನೀರಿಗೆ ಬಿದ್ದವರಿಗೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದ ಹಾಗೆ ಕೇಳುವುದು ಸುಮಾರು ಹತ್ತು ನಿಮಿಷ, ಚಳಿಯಿಂದ ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ಹೊಸವರ್ಷದ ಮುಳುಗಿನಲ್ಲಿ ನಿಮಗೆ ಬೇಕಾಗಿರುವುದು ಆ ಮೊದಲ ಅಂಕಿಯನ್ನು ದಾಟಿ, ಎರಡನೆಯದನ್ನು ಮುಟ್ಟುವ ಬಹಳ ಮೊದಲೇ ಹೊರಬರುವುದು. ಹೊಸಬರಿಗೆ ಒಂದರಿಂದ ಎರಡು ನಿಮಿಷ ಸಾಕು. ಪಕ್ಕದ ಕ್ಲಬ್ ಸದಸ್ಯ ಹತ್ತು ನಿಮಿಷ ತೇಲುತ್ತಿದ್ದರೆ ಅದು ಆತ ವಾರವಾರವೂ ಇಳಿದು ಸಂಪಾದಿಸಿದ್ದು.

ಈ ಅಭ್ಯಾಸವನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಗಳಿಸಬಹುದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ ಐದಾರು ಸಲ ಕೆಲವೇ ನಿಮಿಷ ತಣ್ಣೀರಿಗೆ ಮೈಯೊಡ್ಡಿದರೂ ಮೇಲುಸಿರಿನ ಆರ್ಭಟ ಬಹಳ ಕಡಿಮೆಯಾಗುತ್ತದೆ, ಅದರ ಫಲ ತಿಂಗಳುಗಟ್ಟಲೆ ಉಳಿಯುತ್ತದೆ. ಡಿಸೆಂಬರ್ 20ರಿಂದ ದಿನಾ ಸ್ನಾನದ ಕೊನೆಗೆ ಬಿಸಿನೀರಿನ ನಲ್ಲಿ ಪೂರ್ತಿ ನಿಲ್ಲಿಸಿ, ಮೊದಲ ದಿನ 30 ಸೆಕೆಂಡು, ಕೊನೆಗೆ ಎರಡು ನಿಮಿಷ, ಎದೆ ಬೆನ್ನಿನ ಮೇಲೆ ತಣ್ಣೀರು ಬಿಟ್ಟುಕೊಳ್ಳಿ. ಆ ತಿಂಗಳಲ್ಲಿ ಅಲ್ಲಿಯ ನಲ್ಲಿನೀರೇ ಸಾಕಷ್ಟು ಕೊರೆಯುತ್ತದೆ. ನೀರು ಬಿದ್ದ ಕ್ಷಣದಿಂದ ಗಟ್ಟಿಯಾಗಿ "ಒಂದು... ಎರಡು... ಮೂರು..." ಎಂದು ಎಳೆದೆಳೆದು ಎಣಿಸಿ. ಮಾತಾಡಬೇಕೆಂದರೆ ಉಸಿರನ್ನು ಹೊರಬಿಡಲೇಬೇಕು, ಹೊರಬಿಟ್ಟರೆ ಮೇಲುಸಿರು ತಾನಾಗಿ ಹತೋಟಿಗೆ ಬರುತ್ತದೆ. ಸ್ತೋತ್ರ ಬಾಯಿಗೆ ಬರುವವರು ಅದನ್ನೇ ಹೇಳಿಕೊಳ್ಳಲಿ, ಇನ್ನೂ ಒಳ್ಳೆಯದು. ಸಮುದ್ರದಲ್ಲೂ ಇದೇ ಉಪಾಯ.

ಯಾರು ಹೋಗಬಾರದು ಎಂಬುದರಲ್ಲಿ ನಾವು ಕಟ್ಟುನಿಟ್ಟು. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ನಾಡಿಬಡಿತದ ಏರುಪೇರು, ಮೂರ್ಛೆರೋಗ ಇರುವವರು, ಚಳಿಗೆ ಕೆರಳುವ ಉಬ್ಬಸದವರು, ಗರ್ಭಿಣಿಯರು ದಡದಲ್ಲೇ ಇರಲಿ. ಚಳಿಗೆ ಬೆರಳು ಬಿಳಿಚಿಕೊಂಡು ನೋಯುವ ರೇನೋ ತೊಂದರೆಯವರೂ ಹಾಗೆಯೇ. ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರಿದ್ದಾರೆ. ಅಂಥವರು ಇಡೀ ಮೈ ಮುಳುಗಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಚಿಪ್ಪು ಗಾಜು ಚುಚ್ಚಿದ್ದೂ ತಿಳಿಯುವುದಿಲ್ಲ. ದಕ್ಷಿಣ ಏಷ್ಯಾದ ಮೂಲದವರಲ್ಲಿ ಹೃದ್ರೋಗ ಉಳಿದವರಿಗಿಂತ ಬೇಗ ಕಾಣಿಸಿಕೊಳ್ಳುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ 40 ದಾಟಿದವರು, ಮನೆತನದಲ್ಲಿ ಹೃದಯಾಘಾತದ ಚರಿತ್ರೆ ಇರುವವರು, ನಾಡಿಬಡಿತ, ರಕ್ತದೊತ್ತಡ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇಳಿಯಬಾರದು. ದಡದಲ್ಲಿ ಚೀಲ ಹಿಡಿದು ನಿಲ್ಲುವುದೂ ಈ ಕಾರ್ಯಕ್ರಮದಲ್ಲಿ ಒಂದು ಕೆಲಸವೇ, ಅದೂ ಸಣ್ಣ ಕೆಲಸವಲ್ಲ. ಅದು ಮುಂದೆ ಬರುತ್ತದೆ.

ಹೋಗುವ ದಾರಿ. ಡಿ, ಎಫ್, ಎನ್, ಕ್ಯೂ ನಾಲ್ಕೂ ರೈಲುಗಳ ಕೊನೆಯ ನಿಲ್ದಾಣ ಕೋನಿ ಐಲ್ಯಾಂಡ್–ಸ್ಟಿಲ್‌ವೆಲ್ ಅವೆನ್ಯೂ. ಇಳಿದು ಸರ್ಫ್ ಅವೆನ್ಯೂ ದಾಟಿ ನೇರ ನಡೆದರೆ ಐದು ನಿಮಿಷದಲ್ಲಿ ಮರದ ಹಲಗೆಯ ಬೋರ್ಡ್‌ವಾಕ್. ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್‌ನಿಂದ ಎಫ್ ರೈಲು ಹತ್ತಿದರೆ ಬದಲಾಯಿಸುವ ಗೋಜಿಲ್ಲ, ಒಂದೂಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ ಅಷ್ಟೆ. ಹೊಸವರ್ಷದ ಬೆಳಿಗ್ಗೆ ಫ್ಲಷಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗಿಯೇ ಹೊರಡುವವರು 7ನೇ ನಂಬರ್ ರೈಲಿನಲ್ಲಿ ಜ್ಯಾಕ್ಸನ್ ಹೈಟ್ಸಿಗೆ ಬಂದು ಎಫ್ ಹಿಡಿಯಬಹುದು. ಆದರೆ ದೇವಸ್ಥಾನದ ಕ್ಯಾಂಟೀನಿನಲ್ಲಿ ಹೊಟ್ಟೆ ಬಿರಿಯ ದೋಸೆ ತಿಂದು ನೇರ ನೀರಿಗಿಳಿಯಬೇಡಿ. ಮುಳುಗುವ ಎರಡು ಗಂಟೆ ಮೊದಲು ಇಡ್ಲಿಯೋ ಉಪ್ಪಿಟ್ಟೋ ಹಿತಮಿತವಾಗಿ ತಿಂದಿರಬೇಕು. ಖಾಲಿ ಹೊಟ್ಟೆಯಲ್ಲಿ ಮೈ ನಡುಗಿ ಕಾವು ಹುಟ್ಟಿಸಿಕೊಳ್ಳಲೂ ಕಸುವು ಇರುವುದಿಲ್ಲ. ಅಂದು ರಜೆಯ ವೇಳಾಪಟ್ಟಿ ಇರುವುದರಿಂದ ರೈಲುಗಳ ನಡುವಿನ ಅಂತರ ಹೆಚ್ಚು. ಹನ್ನೊಂದು ಗಂಟೆಯೊಳಗೆ ಸ್ಟಿಲ್‌ವೆಲ್‌ನಲ್ಲಿ ಇಳಿಯುವ ಹಾಗೆ ಹೊರಡಿ. ಕಾರು ತರುವುದನ್ನು ಮಾತ್ರ ಬಿಟ್ಟುಬಿಡಿ. ನಿಲ್ಲಿಸಲು ಜಾಗ ಹುಡುಕುವುದು ಒಂದು ತೊಂದರೆಯಾದರೆ, ನಡುಗುವ ಕೈಗಳಲ್ಲಿ ಸ್ಟಿಯರಿಂಗ್ ಹಿಡಿಯುವುದು ಅದಕ್ಕಿಂತ ದೊಡ್ಡ ತೊಂದರೆ.

ನೋಂದಣಿಯನ್ನು ಆನ್‌ಲೈನಿನಲ್ಲಿ ಮುಂಚೆಯೇ ಮುಗಿಸಿ, ಹೊಣೆಗಾರಿಕೆ ಒಪ್ಪಿಗೆ ಪತ್ರಕ್ಕೂ ಆಗಲೇ ಸಹಿ ಹಾಕಿ. ಅಲ್ಲಿಗೆ ಹೋಗಿ ಹೆಸರು ಬರೆಸುವವರ ಸಾಲು ಉದ್ದವಿರುತ್ತದೆ, ಆ ಸಾಲಿನಲ್ಲೇ ಮೈಯ ಕಾವು ಅರ್ಧ ಸೋರಿಹೋಗುತ್ತದೆ. ಮಕ್ಕಳ ಪರವಾಗಿ ಹೆತ್ತವರು ಸಹಿ ಹಾಕಬೇಕು. ಸಣ್ಣ ಮಕ್ಕಳನ್ನು ಇಳಿಸುವುದನ್ನು ನಾವು ಒಪ್ಪುವುದಿಲ್ಲ. ಸಣ್ಣ ಮೈ ದೊಡ್ಡ ಮೈಗಿಂತ ಬೇಗ ತಣ್ಣಗಾಗುತ್ತದೆ. ಕಾಲು ಒದ್ದೆ ಮಾಡಿಸಿ ಕರೆತಂದರೆ ಅವರಿಗೂ ಖುಷಿ.

ಈಗ ಚೀಲ. ಇದರ ಮೇಲೆ ನಮಗೆ ಬೇರೆಲ್ಲದಕ್ಕಿಂತ ಹೆಚ್ಚು ಆಸ್ಥೆ. ನೀರಿನಲ್ಲಿ ಒಂದೆರಡು ನಿಮಿಷ ಇದ್ದರೂ ಬೆರಳುಗಳು ಕೊರಡಾಗುತ್ತವೆ. ಗುಂಡಿ ಹಾಕಲು, ಲಾಡಿ ಕಟ್ಟಲು, ಜಿಪ್ಪಿನ ತುದಿ ಸೇರಿಸಲು ಬರುವುದಿಲ್ಲ. ಆದ್ದರಿಂದ ಹೊರಬಂದ ಮೇಲೆ ತೊಡುವುದೆಲ್ಲ ತಲೆಯಿಂದ ಇಳಿಬಿಡುವಂಥದ್ದು, ಸೊಂಟಕ್ಕೆ ಎಲಾಸ್ಟಿಕ್ ಇರುವಂಥದ್ದು, ನಿಮ್ಮ ಅಳತೆಗಿಂತ ಒಂದು ಸೈಜು ದೊಡ್ಡದು ಇರಬೇಕು. ಬಿಗಿಯಾದ ಜೀನ್ಸ್ ಒದ್ದೆ ಕಾಲಿಗೆ ಏರುವುದೇ ಇಲ್ಲ. ಬೀಚಿನಲ್ಲಿ ಬಟ್ಟೆ ಬದಲಾಯಿಸಲು ಮುನ್ನೂರು ಡಾಲರಿನ ನಿಲುವಂಗಿಗಳು ಸಿಗುತ್ತವೆ, ಕೊಳ್ಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿರುವ ದೊಗಲೆ ನೈಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಉಡುಪು. ತಲೆಯಿಂದ ಇಳಿಬಿಟ್ಟುಕೊಂಡು ಒಳಗೆ ಒದ್ದೆಯದನ್ನು ಕಳಚಿ ಒಣಗಿದ್ದನ್ನು ತೊಡಬಹುದು. ಫ್ಲಾನೆಲ್‌ನದಾದರೆ ಬೆಚ್ಚಗೂ ಇರುತ್ತದೆ. ಗಂಡಸರಿಗೆ ಎರಡು ಅಂಚು ಸೇರಿಸಿ ಹೊಲಿದ ಲುಂಗಿ. ಹೊಲಿಯದ ಲುಂಗಿಯಾದರೆ ಗಾಳಿಗೆ ಹಾರುತ್ತದೆ, ಕೊರಡಾದ ಕೈಯಲ್ಲಿ ಗಂಟೂ ಬೀಳುವುದಿಲ್ಲ.

ಚೀಲವನ್ನು ತುಂಬುವುದು ತಲೆಕೆಳಗಾಗಿ: ಕೊನೆಗೆ ತೊಡುವುದು ತಳಕ್ಕೆ, ಮೊದಲು ಬೇಕಾದದ್ದು ಮೇಲಕ್ಕೆ. ಎಲ್ಲಕ್ಕಿಂತ ಮೇಲೆ ಕೆಳಗೆ ಹಾಸಿ ನಿಲ್ಲಲು ಒಂದು ಯೋಗ ಮ್ಯಾಟಿನ ತುಂಡು ಅಥವಾ ದಪ್ಪ ರಟ್ಟು, ಏಕೆಂದರೆ ಹೆಪ್ಪುಗಟ್ಟಿದ ಮರಳು ಪಾದದಿಂದ ಕಾವು ಹೀರುವ ವೇಗ ಗಾಳಿಗಿಲ್ಲ. ಅದರ ಕೆಳಗೆ ಎರಡು ಟವೆಲ್, ಉಣ್ಣೆ ಟೋಪಿ, ನೈಟಿ ಅಥವಾ ಲುಂಗಿ, ಒಣ ಒಳಉಡುಪು, ತೆಳ್ಳನೆಯ ಉಣ್ಣೆ ಅಥವಾ ಫ್ಲೀಸ್ ಅಂಗಿ, ದಪ್ಪ ಸ್ವೆಟರ್, ಎಲಾಸ್ಟಿಕ್ ಪೈಜಾಮ, ಉಣ್ಣೆಯ ಕಾಲುಚೀಲ, ಲಾಡಿಯಿಲ್ಲದ ಬೂಟು, ಮೇಲೆ ಜಾಕೆಟ್ಟು, ಬೆರಳು ಬಿಡಿಬಿಡಿಯಾಗಿರದ ಕೈಗವಸು. ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ. ಫ್ಲಾಸ್ಕಿನ ಮುಚ್ಚಳವನ್ನು ಹೊರಡುವ ಮುಂಚೆ ಅರ್ಧ ಸುತ್ತು ಸಡಿಲಿಸಿಡಿ, ಬಿಗಿಯಾಗಿದ್ದರೆ ಆ ಹೊತ್ತಿಗೆ ಯಾರ ಕೈಲೂ ತೆರೆಯಲಾಗುವುದಿಲ್ಲ. ಒಳಗೆ ಶುಂಠಿ ಬೆಲ್ಲದ ಕಷಾಯವೋ ತಿಳಿಸಾರೋ ಇರಲಿ. ಕುದಿಕುದಿಯಾದದ್ದು ಬೇಡ, ಮರಗಟ್ಟಿದ ತುಟಿಗೆ ಬಿಸಿ ತಿಳಿಯದೆ ಸುಡುತ್ತದೆ, ನಡುಗುವ ಕೈಯಿಂದ ಮೈಮೇಲೂ ಚೆಲ್ಲುತ್ತದೆ.

ಮೈಮೇಲೆ ಇರಬೇಕಾದದ್ದು ಕಡಿಮೆ. ಈಜುಡುಗೆ, ಸೊಂಟದ ದಾರ ಗಟ್ಟಿಯಾಗಿ ಕಟ್ಟಿರಲಿ, ಅಲೆ ಎಳೆಯುತ್ತದೆ. ಮೈ ಮುಚ್ಚಿಕೊಳ್ಳಬಯಸುವ ಹೆಂಗಸರಿಗೆ ಉದ್ದ ತೋಳಿನ ಈಜುಡುಗೆ ಸರಿ. ಸೀರೆಯಾಗಲಿ ಸಡಿಲ ಚೂಡಿದಾರವಾಗಲಿ ಬೇಡವೇ ಬೇಡ. ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದದ ಅಲೆಯೂ ಕೆಡವುತ್ತದೆ. ಪಾದಕ್ಕೆ 3 ಅಥವಾ 5 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ರಬ್ಬರಿನ ಬೂಟು, ಇಲ್ಲವೇ ಹಳೆಯ ಲೇಸಿನ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಮೊದಲ ಅಲೆಗೇ ತೇಲಿಹೋಗುತ್ತದೆ. ಬೋರ್ಡ್‌ವಾಕಿನಿಂದ ನೀರಿನವರೆಗೆ ಮರಳು ಅಗಲವಾಗಿದೆ, ನಡೆದು ಹೋಗಲು ಎರಡು ಮೂರು ನಿಮಿಷ ಬೇಕು. ಬರಿಗಾಲಲ್ಲಿ ಹೋದವರ ಪಾದ ನೀರು ಮುಟ್ಟುವ ಮೊದಲೇ ಮರಗಟ್ಟಿರುತ್ತದೆ. ಉದ್ದ ಕೂದಲನ್ನು ತುರುಬು ಕಟ್ಟಿ ಉಣ್ಣೆ ಟೋಪಿಯೊಳಗೆ ಸೇರಿಸಿ, ಹೊಸಬರು ತಲೆ ಮುಳುಗಿಸಬೇಕಾದ ಅಗತ್ಯವೇನೂ ಇಲ್ಲ. ಉಂಗುರ, ಕಾಲುಂಗುರ, ಬಳೆ, ಸರ ಎಲ್ಲವನ್ನೂ ಮನೆಯಲ್ಲೇ ತೆಗೆದಿಟ್ಟು ಬನ್ನಿ. ತಣ್ಣೀರಿಗೆ ಬೆರಳು ಕುಗ್ಗಿ, ವರ್ಷಗಳಿಂದ ಬಿಗಿಯಾಗಿದ್ದ ಉಂಗುರವೂ ತಿಳಿಯದಂತೆ ಜಾರುತ್ತದೆ. ಅಟ್ಲಾಂಟಿಕ್ಕಿನ ಮರಳಿನಲ್ಲಿ ಬಿದ್ದದ್ದು ಸಿಗುವುದಿಲ್ಲ. ಎಳ್ಳೆಣ್ಣೆ ಕೊಬ್ಬರಿ ಎಣ್ಣೆ ಬಳಿದುಕೊಂಡರೆ ಚಳಿ ತಡೆಯುತ್ತದೆ ಎಂದು ಹಿರಿಯರು ಹೇಳುವುದುಂಟು. ಅಷ್ಟು ತೆಳು ಪದರ ಕಾವನ್ನು ಹಿಡಿದಿಡದು, ಯಾರಾದರೂ ಕೈ ಹಿಡಿದೆತ್ತಬೇಕಾದರೆ ಜಾರುತ್ತದೆ ಅಷ್ಟೆ. ಒಂದು ಗುಟುಕು ಬ್ರಾಂದಿಯ ಸಲಹೆ ಅದಕ್ಕಿಂತ ಕೆಟ್ಟದ್ದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ, ವಿವೇಚನೆಯನ್ನೂ ಕದಡುತ್ತದೆ. ಹಿಂದಿನ ರಾತ್ರಿ ಡಿಸೆಂಬರ್ 31 ಎಂಬುದನ್ನೂ ನೆನಪಿಡಿ. ತಡರಾತ್ರಿಯವರೆಗೆ ಕುಡಿದು, ನಿದ್ದೆಗೆಟ್ಟು ಬಂದವರಿಗೆ ಇದು ಸಲ್ಲದು.

ಚೀಲ ಹಿಡಿದು ನಿಲ್ಲುವವರ ಕೆಲಸ ಇಲ್ಲಿಂದ ಶುರು. ಮುಳುಗುವ ಪ್ರತಿ ಇಬ್ಬರು ಮೂವರಿಗೆ ಒಬ್ಬರು ದಡದಲ್ಲಿರಬೇಕು. ನಿಲ್ಲುವ ಜಾಗವನ್ನು ಮೊದಲೇ ಗೊತ್ತು ಮಾಡಿ. ಜನಜಂಗುಳಿಯಲ್ಲಿ ಫೋನು ಮಾಡಿ ಹುಡುಕಿಕೊಳ್ಳುವುದು ಆಗದ ಮಾತು, ಚಳಿಗೆ ಫೋನಿನ ಬ್ಯಾಟರಿಯೂ ದಿಢೀರನೆ ಇಳಿಯುತ್ತದೆ. ಸಮುದ್ರದಿಂದ ದಡದ ಕಡೆ ತಿರುಗಿ ನಿಂತರೆ ಎಡಕ್ಕೆ 1939ರ ವಿಶ್ವಮೇಳಕ್ಕೆಂದು ಕಟ್ಟಿ ಇಲ್ಲಿಗೆ ತಂದು ನಿಲ್ಲಿಸಿದ ಪ್ಯಾರಾಶೂಟ್ ಜಂಪ್ ಗೋಪುರ, ಸುಮಾರು 76 ಮೀಟರ್ ಎತ್ತರದ್ದು. ಬಲಕ್ಕೆ 1920ರ ವಂಡರ್ ವೀಲ್ ಎಂಬ ಜಯಂಟ್ ವೀಲ್. ಅಲೆ ಮತ್ತು ಜನ ಸೇರಿ ನಿಮ್ಮನ್ನು ಪಕ್ಕಕ್ಕೆ ತಳ್ಳುವುದರಿಂದ ಇಳಿದ ಜಾಗದಲ್ಲೇ ಹತ್ತುವುದಿಲ್ಲ. ಈ ಎರಡು ಗುರುತುಗಳ ನಡುವೆ ನಿಮ್ಮವರು ಎಲ್ಲಿದ್ದಾರೆ ಎಂದು ಇಳಿಯುವ ಮೊದಲೇ ಕಣ್ಣಳತೆ ಮಾಡಿಕೊಳ್ಳಿ. ದಡದವರು ಹಳದಿ ಕೊಡೆಯೋ ಕೆಂಪು ಶಾಲೋ ಎತ್ತಿ ಹಿಡಿದರೆ ಇನ್ನೂ ಸುಲಭ. ತೀರ ದಕ್ಷಿಣಕ್ಕೆ ಮುಖ ಮಾಡಿದೆ. ವಾಯುವ್ಯದ ಗಾಳಿಯಾದರೆ ಊರಿನ ಕಟ್ಟಡಗಳು ಸ್ವಲ್ಪ ಮರೆ ಕೊಡುತ್ತವೆ, ನೀರೂ ಶಾಂತ. ದಕ್ಷಿಣದ ಗಾಳಿಯ ದಿನ ಅಲೆ ಎದ್ದಿರುತ್ತದೆ, ಅಂದು ಸೊಂಟದ ಮಟ್ಟ ದಾಟಬೇಡಿ. ತೀರದುದ್ದಕ್ಕೂ ಅಲ್ಲಲ್ಲಿ ಸಮುದ್ರಕ್ಕೆ ಚಾಚಿದ ಬಂಡೆಸಾಲುಗಳಿವೆ, ಪಾಚಿ ಹಿಡಿದು ಜಾರುತ್ತವೆ, ಅವುಗಳಿಂದ ದೂರವಿರಿ.

ಜನರನ್ನು ಗುಂಪು ಗುಂಪಾಗಿ ಬಿಡುತ್ತಾರೆ. ಕಾಯುವಾಗ ಜಾಕೆಟ್ಟು ಬೂಟು ಯಾವುದನ್ನೂ ಬಿಚ್ಚಬೇಡಿ, ನಿಮ್ಮ ಗುಂಪು ಹೊರಡುವ ಕ್ಷಣಕ್ಕೆ ಕಳಚಿ ಚೀಲದವರ ಕೈಗೆ ಕೊಡಿ. ಕಾಯುವವರಲ್ಲಿ ಕೆಲವರು ಬೆವರು ಬರುವಷ್ಟು ಕುಣಿಯುತ್ತಾರೆ. ಬೆವರು ಆರುವಾಗ ಮೈ ಇನ್ನಷ್ಟು ತಣ್ಣಗಾಗುತ್ತದೆ, ನಿಂತಲ್ಲೇ ಕೈಕಾಲು ಆಡಿಸಿದರೆ ಸಾಕು. ನೀರಿನ ಅಂಚಿಗೆ ಬಂದಾಗ ಓಡುವವರನ್ನು ಓಡಲು ಬಿಟ್ಟು ಗುಂಪಿನ ಪಕ್ಕದಿಂದ ನಡೆದು ಇಳಿಯಿರಿ. ಮೊಣಕಾಲು ಮುಳುಗಿದಾಗ ನಿಂತು ಮುಖಕ್ಕೂ ಕತ್ತಿನ ಹಿಂಭಾಗಕ್ಕೂ ನೀರು ಎರಚಿಕೊಳ್ಳಿ. ಸೊಂಟದ ಮಟ್ಟಕ್ಕೆ ಬಂದ ಮೇಲೆ ಎಣಿಸಲು ಶುರುಮಾಡಿ, ಉಸಿರು ಬಿಡುತ್ತಾ ಮಂಡಿ ಮಡಿಸಿ ಭುಜದವರೆಗೆ ಕೂರಿ. ಮೊದಲ ಹತ್ತು ಎಣಿಕೆ ಬಹಳ ಕಷ್ಟ. ಮೂವತ್ತರ ಹೊತ್ತಿಗೆ ಉಸಿರು ಮರಳುತ್ತದೆ, ಅರವತ್ತಕ್ಕೆ ಸುತ್ತಲಿನ ನಗು, ತಮಟೆ, ಕಡಲಹಕ್ಕಿಯ ಕೂಗು ಎಲ್ಲ ಕಿವಿಗೆ ಬೀಳತೊಡಗುತ್ತದೆ. ಆ ಒಂದು ನಿಮಿಷಕ್ಕಾಗಿಯೇ ಜನ ವರ್ಷವರ್ಷವೂ ಬರುವುದು. ಆದರೆ ಹಾಯೆನಿಸಿತೆಂದು ಅಲ್ಲೇ ಉಳಿಯಬಾರದು. ಚಳಿಯ ಚುರುಕು ಕಡಿಮೆಯಾದದ್ದು ಚರ್ಮ ಮರಗಟ್ಟಿದ್ದರಿಂದ, ಮೈ ಬೆಚ್ಚಗಾದದ್ದರಿಂದ ಅಲ್ಲ. ಎರಡು ನಿಮಿಷದೊಳಗೆ ಹೊರಡಿ. ಫೋಟೊಗೆ ನಿಲ್ಲುವುದಾದರೆ ನೀರಿನೊಳಗಿರುವಾಗಲೇ ದಡದಿಂದ ತೆಗೆಸಿಕೊಳ್ಳಿ, ಹೊರಬಂದು ಒದ್ದೆ ಮೈಯಲ್ಲಿ ಗಾಳಿಗೆ ನಿಂತು ತೆಗೆಸಿಕೊಳ್ಳುವ ಫೋಟೊ ದುಬಾರಿ.

ಹೊರಬಂದವರಲ್ಲಿ ಬಹಳ ಮಂದಿ "ಏನೂ ಆಗಲೇ ಇಲ್ಲ" ಎನ್ನುತ್ತಾರೆ. ಆಗುವುದು ಹತ್ತು ನಿಮಿಷದ ನಂತರ. ಬಿಗಿದಿದ್ದ ಕೈಕಾಲುಗಳಿಗೆ ರಕ್ತ ಮತ್ತೆ ಹರಿಯತೊಡಗಿ, ಅಲ್ಲಿನ ತಣ್ಣಗಿನ ಮಾಂಸ ಒಳಗಿನ ಕಾವನ್ನು ಹೀರುತ್ತಾ, ದೇಹದ ಒಳಗಿನ ಉಷ್ಣತೆ ನೀರಿನಲ್ಲಿದ್ದಾಗಿನಕ್ಕಿಂತಲೂ ಕೆಳಗಿಳಿಯುತ್ತದೆ. ಅದು ಇಳಿಯುವುದರೊಳಗೆ ಒಣಬಟ್ಟೆಯೊಳಗೆ ಇರಬೇಕು. ಟೋಪಿ ಮೊದಲು, ಸೊಂಟದಿಂದ ಮೇಲಿನ ಬಟ್ಟೆ ಆಮೇಲೆ, ಕಾಲಿನದು ಕೊನೆಗೆ. ಒದ್ದೆಯ ಮೇಲೆ ಒಣಗಿದ್ದನ್ನು ಹಾಕಬೇಡಿ. ಟವೆಲಿನಿಂದ ಉಜ್ಜುವುದಕ್ಕಿಂತ ಒತ್ತಿ ನೀರು ಹೀರಿಸಿ. ಬಿಸಿನೀರಿನ ಚೀಲ ತಂದಿದ್ದರೆ ಅಂಗಿಯ ಮೇಲಿಂದ ಇಟ್ಟುಕೊಳ್ಳಿ, ಬರಿ ಚರ್ಮಕ್ಕೆ ಇಟ್ಟರೆ ಸುಟ್ಟದ್ದು ಗೊತ್ತಾಗುವುದಿಲ್ಲ. ಬಿಸಿ ಷವರಿಗೆ ಆತುರ ಬೇಡ. ಚರ್ಮದ ರಕ್ತನಾಳಗಳು ಒಮ್ಮೆಲೇ ತೆರೆದುಕೊಂಡು ರಕ್ತದೊತ್ತಡ ಬಿದ್ದು ತಲೆಸುತ್ತು ಬರುತ್ತದೆ. ನಡುಕ ಪೂರ್ತಿ ನಿಂತ ಮೇಲೆ ಮನೆಯಲ್ಲಿ ಸ್ನಾನ ಮಾಡಿ. ನಡುಕ ಬಂದರೆ ಹೆದರಬೇಕಿಲ್ಲ, ಅದು ಮೈ ತನ್ನ ಕೆಲಸ ಮಾಡುತ್ತಿರುವ ಲಕ್ಷಣ. ಮಾತು ತೊದಲಿದರೆ, ನಡೆ ತಡವರಿಸಿದರೆ, ಕೇಳಿದ್ದಕ್ಕೆ ಉತ್ತರ ಹೊಂದದಿದ್ದರೆ, ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಕೂಡಲೇ ಅಲ್ಲಿರುವ ತುರ್ತು ವೈದ್ಯಕೀಯ ಸಿಬ್ಬಂದಿಯ ಬಳಿ ಕರೆದೊಯ್ಯಬೇಕು. ಇದನ್ನು ಗಮನಿಸಬೇಕಾದವರು ಚೀಲ ಹಿಡಿದವರೇ, ಮುಳುಗಿದವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ.

ಆಮೇಲೆ ಹಸಿವು ಜೋರಾಗಿರುತ್ತದೆ. ಸರ್ಫ್ ಮತ್ತು ಸ್ಟಿಲ್‌ವೆಲ್ ಮೂಲೆಯಲ್ಲಿ 1916ರಿಂದ ಇರುವ ನೇಥನ್ಸ್ ಹಾಟ್‌ಡಾಗ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಸಸ್ಯಾಹಾರಿಗಳಿಗೆ ಅಲ್ಲಿ ಹುರಿದ ಆಲೂಗಡ್ಡೆ ಸಿಗುತ್ತದೆ, ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳಿಕೊಳ್ಳಿ. ಅಗಲಬಾಯಿಯ ಫ್ಲಾಸ್ಕಿನಲ್ಲಿ ಬಿಸಿಬೇಳೆಬಾತು ತಂದವರಿಗೆ ಸಾಲಿನ ಚಿಂತೆಯಿಲ್ಲ. ಹಿಂದಿರುಗುವ ರೈಲು ಅಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗ ಸಿಗುತ್ತದೆ, ಬೋಗಿಯೊಳಗೆ ಬೆಚ್ಚಗೂ ಇರುತ್ತದೆ. ಮನೆಗೆ ಬಂದ ದಿನವೇ ನಿಯೋಪ್ರೀನ್ ಬೂಟನ್ನೂ ಈಜುಡುಗೆಯನ್ನೂ ಸಿಹಿನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಹಾಕಿ. ಉಪ್ಪು ಉಳಿದರೆ ಹೊಲಿಗೆ ಬೇಗ ಬಿಡುತ್ತದೆ. ಕೊಡುಗೆಯ ರಸೀದಿ ಇ-ಮೇಲಿನಲ್ಲಿ ಬಂದಿರುತ್ತದೆ. ಅದನ್ನು ಕಂಪನಿಯ ತಾಣಕ್ಕೆ ಏರಿಸಿ ಜೋಡಿ ಕೊಡುಗೆಗೆ ಅರ್ಜಿ ಹಾಕುವುದನ್ನು ಆ ವಾರದೊಳಗೆ ಮುಗಿಸಿ. ಬಹಳ ಕಂಪನಿಗಳಲ್ಲಿ ಇದಕ್ಕೆ ಗಡುವು ಇರುತ್ತದೆ, ಗಡುವು ದಾಟಿದರೆ ಆ ಪಾಲು ಅಕ್ವೇರಿಯಮ್ಮಿಗೂ ಇಲ್ಲ, ಯಾರಿಗೂ ಇಲ್ಲ.